ಡಾಕ್ಟ್ರು ಕೇಳಿದ್ರೆ

...ಇಲ್ಲ ಅನ್ನು, ಅಷ್ಟೇ! ಒಂದೇ ಮಾತು. ಡಾಕ್ಟ್ರಮ್ಮ ಬಂದು "ಅಡ್ಮಿಟ್ ಆಗೋಕೆ ಮುಂಚೆ ಯಾವ್ದಾದ್ರೂ ಆಂಟಿಬಯಾಟಿಕ್ ನುಂಗಿದ್ರಾ?" ಅಂತಾರೆ. ಇಲ್ಲ ಅನ್ನು. ನಾನೂ ಹಾಗೇ ಹೇಳಿದ್ದೀನಿ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾಗ್ಬಾರ್ದು.

ಯಾಕೆ ಹಾಗೆ ನೋಡ್ತೀಯ, ಗುಬ್ಬಿ? ಒಡಹುಟ್ಟಿದ ಅಕ್ಕನ್ನ ಕಣ್ಣಲ್ಲೇ ತಿಂದುಹಾಕ್ತೀಯಾ? ಏದುಸಿರು ಬೇರೆ... ದಿಂಬು ಎತ್ತರಿಸ್ಲಾ? ಬೇಡ್ವಾ? ಬಿಡು.

ಹಲ್ಲು ಕೀಳಿಸ್ಕೊಂಡು ಬಂದೋಳು ನೀನು. ವಾರಕ್ಕೇ ಚಳಿಜ್ವರ ಹಿಡಿಸ್ಕೊಂಡೋಳೂ ನೀನೇ. ನಾನೇನು ಮಾಡ್ಲಿ? ನಾಲ್ಕುನೂರು ಯೂನಿಫಾರ್ಮು! ಸ್ಕೂಲು ತೆರೆಯೋಕೆ ಬಂತು, ಇವಳು ನನ್ನ ಅಂಗಡೀಲಿ ಕಟಿಂಗ್ ಟೇಬಲ್ ಕೆಳಗೆ ಮುದುರ್ಕೊಂಡು ಮಲಗಿದ್ದಾಳೆ, ಮಹಾರಾಣಿ! ಕಾಲರ್ ಕೂರಿಸೋಕೆ ನಿನ್ನ ಬಿಟ್ರೆ ಯಾರಿಗೆ ಬರುತ್ತೆ? ಹೌದು, ಕೊಟ್ಟೆ. ನನ್ನ ಕಾಲಿಗೆ ಕೀವಾದಾಗ ತಂದ ಮಾತ್ರೆ ಉಳಿದಿತ್ತಲ್ಲ, ಅದೇ. ಎರಡು ದಿನ ನೀನು ನುಂಗಿದೆ, ಜ್ವರ ಇಳೀತು, ಮಷೀನ್ ಮುಂದೆ ಕೂತೆ. ಮತ್ತೆ ಏರಿತು, ಮತ್ತೆ ಕೊಟ್ಟೆ. ವಿಷ ಕೊಟ್ನಾ?

ಈಗ ನೋಡಿದ್ರೆ, ಮೂರು ಸಲ ರಕ್ತ ತೆಗೆದ್ರೂ ಅದ್ರಲ್ಲಿ ಕೀಟಾಣು ಬೆಳೀಲೇ ಇಲ್ವಂತೆ. ಮೊದ್ಲೇ ಆಂಟಿಬಯಾಟಿಕ್ ನುಂಗಿದ್ರೆ ಹಾಗಾಗುತ್ತಂತೆ, ಅದಕ್ಕೇ ಕೇಳ್ತಿರೋದು. ಸ್ಕ್ಯಾನಲ್ಲಿ ಮಾತ್ರ ಹೃದಯದ ಕವಾಟದ ಮೇಲೆ ಗಂಟು ಜೋತಾಡ್ತಿದೆ, ಕೀವು ಸ್ನಾಯುವಿಗೂ ಇಳಿದಿದೆ... ಯಾವ ಕೀಟಾಣು ಅಂತ ಗೊತ್ತಾಗ್ದೆ, ಕತ್ತಲಲ್ಲಿ ಕಲ್ಲೆಸೆದ ಹಾಗೆ ಔಷಧಿ ಹಾಕ್ತಿದ್ದೀವಿ ಅಂದ್ರು. ಆರು ವಾರ ನರಕ್ಕೆ ಇಂಜೆಕ್ಷನ್. ನಾಳೆ ಎದೆ ಸೀಳಿ ಕವಾಟ ಬದಲಾಯಿಸ್ತಾರೆ. ಮಾತ್ರೆ ವಿಷಯ ಹೇಳಿದ್ರೆ ಹೋದ ಕವಾಟ ವಾಪಸ್ ಬರುತ್ತಾ? ನನ್ನ ಮಾನ ಹೋಗುತ್ತೆ, ಅಷ್ಟೇ.

ಅಳ್ಬೇಡ. ಅತ್ರೆ ಉಸಿರು ಕಟ್ಟುತ್ತೆ... ಏನೇ, ನಗ್ತಿದ್ದೀಯಾ? ನಗೋಕೇನಿದೆ?

ಬಾಯ್ಬಿಡೇ! ಬೈಯೋದಾದ್ರೆ ಬೈ! ಸುಮ್ನಿರ್ಬೇಡ, ಸುಮ್ನಿದ್ರೆ ನಂಗಾಗಲ್ಲ... ಗೊತ್ತು, ಗೊತ್ತು ಕಣೇ, ನಿನ್ನ ತಲೇಲಿ ಏನು ಕೊರೀತಿದೆ ಅಂತ. ಮೂಲೆ ಕ್ಲಿನಿಕ್ಕಿನ ಮುದುಕ ಡಾಕ್ಟ್ರು ನಿನ್ನ ಎದೆ ಪರೀಕ್ಷೆ ಮಾಡಿದ್ರಲ್ಲ, ನೀನು ಪರದೆ ಹಿಂದೆ ಗುಂಡಿ ಹಾಕ್ಕೊಳ್ತಿದ್ದಾಗ ಆ ಚೀಟಿ ಬರೆದು ನನ್ನ ಕೈಗೆ ಕೊಟ್ಟದ್ದು... "ಹೃದಯದಲ್ಲಿ ಇರಬಾರದ ಸದ್ದಿದೆ, ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ" ಅಂದದ್ದು... ನಾನು ಬರೀ ನಿತ್ರಾಣ ಅಂತ ನಿಂಗೆ ಸುಳ್ಳು ಹೇಳಿ ಮಷೀನ್‌ಗೆ ಕೂರಿಸಿದೆ, ಅದೇ ತಾನೇ? ತಿಂಗಳಾಯ್ತು, ಈಗ್ಯಾಕೆ ಅದನ್ನ ಕೆದಕ್ತೀಯ? ಹೇಳಿದ್ರೆ ಅವತ್ತೇ ಓಡ್ತಿದ್ದೆ ನೀನು, ಆರ್ಡರು...

ಏನು? ಯಾಕೆ ಕೈ ಬಿಡಿಸ್ಕೊಂಡೆ?

ಗುಬ್ಬೀ... ನಿಂಗೆ ಗೊತ್ತಿರ್ಲಿಲ್ವಾ?