ಹಾಸ್ಟೆಲ್ ಟ್ಯಾಂಕಿನ ನಕ್ಷೆ

ತಂಗಿಯ ಎಕ್ಸ್-ರೇಗಾಗಿ ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಕಾದು ಸುಸ್ತಾಗಿದ್ದ ದರ್ಜಿಗೆ ಪಕ್ಕದ ಇಬ್ಬರು ಮೇಷ್ಟರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಸಾರ್ವಜನಿಕ ಆರೋಗ್ಯ ಕಲಿಸುವವರಂತೆ. ಅವರ ವಿದ್ಯಾರ್ಥಿನಿಯೊಬ್ಬಳು ಕಾಮಾಲೆಯಾಗಿ ಒಳಗೆ ಪ್ರಜ್ಞೆಯಿಲ್ಲದೆ ಮಲಗಿದ್ದಳು.

“ರೋಗ ಎಲ್ಲಿಂದ ಬರುತ್ತೆ, ನಕ್ಷೆ ಬರೀರಿ ಅಂದಿದ್ದೆ,” ಎಂದರು ಹಿರಿಯರು. “ಇವಳು ಹಾಸ್ಟೆಲ್ ಟ್ಯಾಂಕು, ಪಕ್ಕದ ಚರಂಡಿ, ರಿಪೇರಿ ಮುಂದಕ್ಕೆ ಹಾಕಿದ ಆಡಳಿತ ಮಂಡಳಿ, ಎಲ್ಲಾನೂ ಒಂದಕ್ಕೊಂದು ಗಂಟು ಹಾಕಿ ತೋರಿಸಿದ್ಲು.”

“ಸರಿಯಾಗೇ ಇತ್ತಲ್ಲ ಸರ್.”

“ಅಡ್ಡಗೀಟು ಎಳೆದೆ. ಪುಸ್ತಕದಲ್ಲಿರೋ ಇಂಗ್ಲಿಷರ ಊರಿನ ಕಾಲರಾ ನಕ್ಷೆ ಬರಿ ಅಂದೆ.”

“ಅದು ನಮ್ಮನ್ನ ಆಳಿದವರ ಪುಸ್ತಕ ಸರ್. ಅವರ ಬೀದಿ, ಅವರ ನಲ್ಲಿ.”

“ನಾನೂ ಅದನ್ನೇ ಉರು ಹೊಡೆದು ಪಾಸಾದವನು ಕಣಪ್ಪ.”

ಕಿರಿಯರು ಒಳಗಿನ ಬಾಗಿಲ ಕಡೆ ತಿರುಗಿದರು. “ಹುಡುಗಿ ಅಮ್ಮ ಸಿಕ್ಕಿದ್ರಾ?”

“ಹೂಂ. ಇದು ಹೇಗೆ ಬಂತು ಸರ್ ಅಂತ ಕೇಳಿದ್ರು.”

“ಟ್ಯಾಂಕಿನ ವಿಷಯ ಹೇಳಿದ್ರಾ?”

ಹಿರಿಯರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು.

“ಮಗಳು ಊಟಕ್ಕೆ ಮುಂಚೆ ಕೈ ತೊಳೀತಿದ್ಲಾ ಅಂತ ಕೇಳಿಬಿಟ್ಟೆ. ಅವರು ಉತ್ತರ ಹೇಳೋದ್ರೊಳಗೆ ಒಳಗೆ ಕರೆದ್ರು.”

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು ಹುಡುಗಿಯ ಕಾಲೇಜಿನವರನ್ನು ಕರೆದಳು. ಇಬ್ಬರೂ ಎದ್ದು ಒಳಗೆ ಹೋದರು. ಬಾಗಿಲು ಮುಚ್ಚುವ ಮೊದಲು ಹೆಂಗಸೊಬ್ಬಳ ದನಿ ದರ್ಜಿಗೆ ಕೇಳಿಸಿತು.

“ತೊಳೀತಿದ್ಲು ಸರ್. ಚಿಕ್ಕವಳಿದ್ದಾಗಿಂದ ನಾನೇ ರೂಢಿ ಮಾಡ್ಸಿದ್ದೆ.”