ಹಳೆಯ ಸೇತುವೆ ಇಳಿಸಿದ ತಮಿಳ್‌ಸೆಲ್ವಿ

ಸಭೆಯ ಅಧ್ಯಕ್ಷರಾದ ಧನಶೇಖರ್ ಅವರೇ, ಧರ್ಮಪುರಿಯಿಂದ ಎರಡು ಬಸ್ಸು ಬದಲಿಸಿ ಬಂದಿರುವ ಮುಖ್ಯ ಅತಿಥಿ ಗೋಪಾಲಪ್ಪನವರೇ, ಈ ಸೆಕೆಯಲ್ಲೂ ವೇದಿಕೆಯ ಮೇಲೆ ನಗುಮುಖದಿಂದ ಕೂತಿರುವ ನಮ್ಮ ಸಂಘದ ಹಿರಿಯರೇ, ಅಮ್ಮಾಪೇಟೆಯ ತಾಯಂದಿರೇ, ಮಗ್ಗ ನಿಲ್ಲಿಸಿ ಬಂದಿರುವ ಸಭಿಕರೇ,

ಮೊದಲು ಒಂದು ಕ್ಷಮೆ. ತಮಿಳು ಸ್ಕೂಲಿನಲ್ಲಿ ಓದಿದ ನಾವು ಮನೆಯಲ್ಲಿ ಕನ್ನಡ ಆಡುವವರು, ಬರೆಯುವವರಲ್ಲ. ಈ ಭಾಷಣವನ್ನು ನಾನು ತಮಿಳು ಅಕ್ಷರದಲ್ಲಿ ಬರೆದುಕೊಂಡಿದ್ದೇನೆ; ಹೊಸೂರಿನ ಕನ್ನಡ ಮೇಷ್ಟ್ರೊಬ್ಬರು ಭಾಷೆ ತಿದ್ದಿಕೊಟ್ಟರು. ತಮಿಳಿನಲ್ಲಿ ‘ಕ’ಗೂ ‘ಗ’ಗೂ ಒಂದೇ ಅಕ್ಷರ. ಎಲ್ಲಾದರೂ ‘ಗಾಳಿ’ ಎನ್ನುವ ಬದಲು ‘ಕಾಳಿ’ ಎಂದುಬಿಟ್ಟರೆ, ದೇವಿಯೇ ಬಂದಳೆಂದು ಎದ್ದು ಕೈಮುಗಿಯಬೇಡಿ.

ಇವತ್ತು ನಾವು ಗೌರವಿಸುತ್ತಿರುವುದು ನನ್ನ ತಮ್ಮ ಮೋಹನ್‌ರಾಜ್‌ನ ಮಗಳು, ಎಂಜಿನಿಯರ್ ತಮಿಳ್‌ಸೆಲ್ವಿಯನ್ನು. ತಮ್ಮ ಈಗಿಲ್ಲ. ಇವಳು ಕಾಲೇಜಿನ ಎರಡನೇ ವರ್ಷದಲ್ಲಿದ್ದಾಗ ಹೋದ. ಆಮೇಲೆ ಅವನ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತವಳು ಅವನ ಹೆಂಡತಿ ರಾಜಾತಿ. ರೇಷ್ಮೆ ಪಂಚೆ ನೇಯುತ್ತಲೇ ಮಗಳನ್ನು ಓದಿಸಿದಳು. ಅಲ್ಲಿ, ಮುಂದಿನ ಸಾಲಿನಲ್ಲಿ ಕೂತಿದ್ದಾಳೆ.

ತಮಿಳ್‌ಸೆಲ್ವಿ ಮಾಡಿದ್ದೇನು? ಒಂದು ಸೇತುವೆ ತೆಗೆದಳು. ಕಟ್ಟಿದವರಿಗೆ ಸನ್ಮಾನವಾಗುವುದುಂಟು, ತೆಗೆದವಳಿಗೂ ಸನ್ಮಾನವೇ ಎಂದು ನೀವು ಕೇಳಬಹುದು. ಹೇಳುತ್ತೇನೆ.

ಅದೊಂದು ಬಂದರು ನಗರ. ‘ಊರಿನ ಎಸರು ಏಳಬ್ಯಾಡಿ ದೊಡ್ಡಪ್ಪಾ, ಆಫೀಸಲ್ಲಿ ಬೈತಾರೆ’ ಎಂದಿದ್ದಾಳೆ, ಹಾಗಾಗಿ ಹೆಸರು ಹೇಳುವುದಿಲ್ಲ. ಸಮುದ್ರದ ನೀರು ಒಳಗೆ ಬರುವ ಕಾಲುವೆಯ ಮೇಲೆ ಒಂದು ಹಳೆಯ ಕಬ್ಬಿಣದ ಸೇತುವೆ. ತೊಪ್ಪೂರು ಘಾಟಿಯಲ್ಲಿ ಉಸಿರು ಬಿಗಿಹಿಡಿದು ಇಳಿಯುವ ಉದ್ದನೆಯ ಕಂಟೇನರ್ ಲಾರಿಗಳನ್ನು ನೋಡಿದ್ದೀರಲ್ಲ, ಅಂತಹ ಪೆಟ್ಟಿಗೆಗಳನ್ನು ಸಾವಿರಗಟ್ಟಲೆ ಪೇರಿಸಿಕೊಂಡು ಈಗಿನ ಹಡಗುಗಳು ಬರುತ್ತವೆ. ಹಳೆಯ ಸೇತುವೆಯ ಕೆಳಗೆ ಅವು ನುಸುಳಲಾರವು. ಅದಕ್ಕೇ ಪಕ್ಕದಲ್ಲೇ ಹೊಸ ಸೇತುವೆ ಎದ್ದಿತು, ಹದಿನೆಂಟು ಮಾಳಿಗೆಯ ಎತ್ತರಕ್ಕೆ. ಇನ್ನು ಹಳೆಯದನ್ನು ಇಳಿಸಬೇಕು. ಆ ಕೆಲಸದ ಹೊಣೆ ನಮ್ಮ ಹುಡುಗಿಯದು. ‘ಹಳೆಯ ಸೇತುವೆ ಇನ್ನು ಜನರಿಗೆ ಬೇಕಿಲ್ಲ’ ಎಂದು ಅವಳು ಸಹಿ ಹಾಕಿದರೆ ಕೆಲಸ ಶುರು.

ಆದರೆ ಆಚೆ ದಡದಲ್ಲಿ ಮೀನುಗಾರರ ಕೇರಿಯೊಂದಿದೆ. ಅಲ್ಲಿಯ ಹೆಂಗಸರು ಬೆಳಿಗ್ಗೆ ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆಯ ಸೇತುವೆ ದಾಟಿ ಮಾರ್ಕೆಟ್ಟಿಗೆ ಬರುವವರು. ಹತ್ತು ನಿಮಿಷದ ನಡಿಗೆ. ಹೊಸ ಸೇತುವೆಯೋ, ಹಡಗಿಗಾಗಿ ಅಷ್ಟೆತ್ತರ ಏರಬೇಕಾದ್ದರಿಂದ ಸುತ್ತಿ ಸುತ್ತಿ ನಾಲ್ಕು ಕಿಲೋಮೀಟರ್. ಮೀನಿನ ಬುಟ್ಟಿಯನ್ನು ಬಸ್ಸಿನವರು ಹತ್ತಿಸುವುದಿಲ್ಲ. ನಕ್ಷೆಯಲ್ಲಿ ಹಡಗು ಇತ್ತು, ಲಾರಿ ಇತ್ತು, ಕಾರು ಇತ್ತು. ಬುಟ್ಟಿ ಇರಲಿಲ್ಲ.

ಚಿನ್ನತಾಯಿ ಎಂಬ ಅರವತ್ತು ದಾಟಿದ ಹೆಂಗಸು ಒಂದು ದಿನ ಇವಳನ್ನು ಸೇತುವೆಯ ಮೇಲೆಯೇ ತಡೆದು ನಿಲ್ಲಿಸಿದಳಂತೆ. ‘ಕೂಡೆಯ ತಲೆಯಿಲೆ ವೆಚ್ಚು ನೀ ಒರು ತಡವೆ ಏರಿ ಪಾರು, ತಾಯೀ’ ಎಂದಳಂತೆ. ಬುಟ್ಟಿ ತಲೆ ಮೇಲಿಟ್ಟುಕೊಂಡು ನೀನೇ ಒಂದು ಸಲ ಹತ್ತಿ ನೋಡು, ಎಂದು.

ಬೇರೆ ಯಾರಾದರೂ ಆಗಿದ್ದರೆ ಏನು ಮಾಡುತ್ತಿದ್ದರು? ಅರ್ಜಿ ಕೊಡಮ್ಮ ಎನ್ನುತ್ತಿದ್ದರು. ಇವಳು ಹೆಲ್ಮೆಟ್ ತೆಗೆದು, ತಲೆಗೆ ಸಿಂಬೆ ಸುತ್ತಿ, ಇಪ್ಪತ್ತು ಕಿಲೋ ಮೀನಿನ ಬುಟ್ಟಿ ಹೊತ್ತು ಹೊಸ ಸೇತುವೆ ಹತ್ತಿದಳು. ಚಿನ್ನತಾಯಿ ಹಿಂದೆ ಹಿಂದೆ ನಡೆದಳು. ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಹನ್ನೊಂದು ಕಡೆ ಬುಟ್ಟಿ ಇಳಿಸಿದಳು. ಮೀನಿನ ನೀರು ಸೋರಿ ಬೆನ್ನೆಲ್ಲ ಒದ್ದೆ. ಮರುದಿನ ಕತ್ತು ತಿರುಗಲಿಲ್ಲ. ಇದನ್ನೆಲ್ಲ ಹಾಗೆಯೇ ವರದಿಯಲ್ಲಿ ಬರೆದಳು, ಮೀನಿನ ನೀರನ್ನೂ ಬಿಡದೆ. ಕೊನೆಗೆ ಒಂದು ಸಾಲು: ‘ಎರಡೂ ದಡಕ್ಕೆ ದೋಣಿಕಟ್ಟೆ ಕಟ್ಟಿ, ಜನರನ್ನು ದಾಟಿಸುವ ದೋಣಿ ಓಡುವವರೆಗೆ ನಾನು ಸಹಿ ಹಾಕುವುದಿಲ್ಲ.’

ಮೊದಲ ದೊಡ್ಡ ಹಡಗಿನ ದಿನಾಂಕ ನಿಗದಿಯಾಗಿತ್ತು. ಮೇಲಧಿಕಾರಿ ಕೂಗಾಡಿದರು. ನಿನ್ನನ್ನು ಬೇರೆ ಕಡೆ ಕಳಿಸುತ್ತೇವೆ ಎಂದರು. ನಾಲ್ಕು ದಿನ ಯಾರೂ ಅವಳೊಡನೆ ಊಟಕ್ಕೆ ಕೂರಲಿಲ್ಲ. ರಾಜಾತಿ ಹೆದರಿ ನನ್ನ ಬಳಿ ಓಡಿಬಂದಳು: ‘ಬಾವಾ, ನೀವಾದ್ರೂ ಒಂದು ಮಾತು ಏಳಿ.’

ನಾನು ಫೋನು ಮಾಡಿದೆ. ಏನು ಹೇಳಿದೆ ಎಂಬುದು ಈ ಕಾಗದದಲ್ಲಿಲ್ಲ. ಆದರೂ ಹೇಳಿಬಿಡುತ್ತೇನೆ. ‘ದೊಡ್ಡೋರ ಎದುರು ನಮಗ್ಯಾಕಮ್ಮಾ? ಆ ಸೇತುವೆ ಕಾಗ್ದಕ್ಕೆ ಕೈಯೆಳುತ್ತು ಆಕ್ಬುಟ್ಟು ಸುಮ್ಕೆ ಇರು. ಎಲ್ಲಾ ಸರಿಯಾಯ್ತದೆ’ ಎಂದೆ.

ಅವಳು ಕೇಳಿದಳು: ‘ದೊಡ್ಡಪ್ಪಾ, ಸತ್ಯಾಗೂ ನೀವು ಇಂಗೇ ಅಲ್ವಾ ಏಳಿದ್ದು?’

ಸತ್ಯಾ ನನ್ನ ಮಗಳು. ಇವಳಿಗಿಂತ ಎರಡೇ ತಿಂಗಳು ದೊಡ್ಡವಳು, ಇಬ್ಬರದೂ ಒಂದೇ ಸ್ಕೂಲು. ಎಂಜಿನಿಯರಿಂಗ್ ಸೀಟು ಇಬ್ಬರಿಗೂ ಒಂದೇ ಕಾಲೇಜಿನಲ್ಲಿ ಸಿಕ್ಕಿತ್ತು. ಲೆಕ್ಕದಲ್ಲಿ ಸತ್ಯಾಳಿಗೆ ನಾಲ್ಕು ಮಾರ್ಕು ಹೆಚ್ಚು. ಮೇಚೇರಿಯಿಂದ ಒಳ್ಳೆಯ ಸಂಬಂಧ ಬಂದಿತ್ತು. ‘ಸುಮ್ಕೆ ಇರು, ಎಲ್ಲಾ ಸರಿಯಾಯ್ತದೆ’ ಎಂದೆ. ಅವಳು ಸುಮ್ಮನಾದಳು. ಅಳಿಯ ಒಳ್ಳೆಯವನು, ಆ ಬಗ್ಗೆ ಮಾತಿಲ್ಲ. ಆದರೆ ಹದಿನಾರು ವರ್ಷದಲ್ಲಿ ನನ್ನ ಮಗಳು ಒಮ್ಮೆಯೂ ನನ್ನೆದುರು ಕಾಲೇಜು ಎಂಬ ಮಾತೆತ್ತಿಲ್ಲ. ಅದನ್ನು ನಾನು ಅವಳ ಒಳ್ಳೆಯ ಗುಣ ಎಂದುಕೊಂಡಿದ್ದೆ, ಸಭಿಕರೇ.

ಇರಲಿ. ಹಡಗಿನ ವಿಷಯಕ್ಕೆ ಬರುತ್ತೇನೆ.

ತಮಿಳ್‌ಸೆಲ್ವಿ ಸಹಿ ಹಾಕಲಿಲ್ಲ. ವರದಿ ಮೇಲಿನಿಂದ ಮೇಲಕ್ಕೆ ಹೋಗಿ, ಅದನ್ನು ಪೂರ್ತಿ ಓದುವ ಒಬ್ಬ ಪುಣ್ಯಾತ್ಮನ ಕೈಗೆ ಸಿಕ್ಕಿತು. ನಲವತ್ಮೂರು ದಿನದಲ್ಲಿ ದೋಣಿಕಟ್ಟೆಗಳು ಎದ್ದವು. ಎರಡು ಮೋಟಾರು ದೋಣಿ ಬಂದವು. ಮೊದಲ ದೋಣಿಯಲ್ಲಿ ಚಿನ್ನತಾಯಿ ಬುಟ್ಟಿಸಮೇತ ದಾಟಿದಳು. ಅವತ್ತೇ ಸಂಜೆ ಇವಳು ಸಹಿ ಹಾಕಿದಳು.

ಹಳೆಯ ಸೇತುವೆಯ ನಡುಭಾಗ ಇಳಿಸುವ ದಿನ ರಾಜಾತಿಯನ್ನೂ ಸತ್ಯಾಳನ್ನೂ ಕರೆದುಕೊಂಡು ನಾನು ಹೋಗಿದ್ದೆ. ಅಬ್ಬಾ, ಅದನ್ನು ಹೇಗೆ ವರ್ಣಿಸಲಿ? ಉಬ್ಬರದ ನೀರು ಏರತೊಡಗಿದಾಗ ಅಗಲವಾದ ಚಪ್ಪಟೆ ದೋಣಿಯೊಂದನ್ನು ಸೇತುವೆಯ ಅಡಿಗೆ ತಂದು ನಿಲ್ಲಿಸಿದರು. ನಾಲ್ಕು ಮೂಲೆಗೂ ಜಾಕಿ. ಸಾವಿರ ಟನ್ ಕಬ್ಬಿಣ ಬೆರಳಗಲ ಬೆರಳಗಲವಾಗಿ ಇಳಿಯಿತು. ಒಂದು ಮೂಲೆ ಎಳೆಯಷ್ಟು ಹಿಂದೆ ಬಿದ್ದರೂ ನಮ್ಮ ಹುಡುಗಿ ಕೈ ಎತ್ತುತ್ತಿದ್ದಳು. ಅಷ್ಟೂ ಜನ ಗಂಡಸರು ಕೆಲಸ ನಿಲ್ಲಿಸುತ್ತಿದ್ದರು. ಕೈ ಇಳಿಸಿದರೆ ಮತ್ತೆ ಶುರು. ಆರು ಗಂಟೆ ಹೊತ್ತು ರಾಜಾತಿ ನೀರು ಕುಡಿಯಲಿಲ್ಲ. ಕೊನೆಗೆ ಸೇತುವೆ ಮಗುವಿನಂತೆ ದೋಣಿಯ ಮೇಲೆ ಮಲಗಿತು. ಆಗ ಅವಳು ಹೇಳಿದ್ದು ಇಷ್ಟೇ: ‘ಇವರಪ್ಪ ಇರಬೇಕಾಗಿತ್ತು.’

ಹತ್ತು ದಿನದ ಮೇಲೆ ಮೊದಲ ದೊಡ್ಡ ಹಡಗು ಬಂತಂತೆ. ಜನರ ದೋಣಿ ಬದಿಗೆ ನಿಂತು ದಾರಿ ಬಿಟ್ಟಿತಂತೆ.

ಆದರೆ ನಾನು ಕಣ್ಣಾರೆ ಕಂಡದ್ದು ಇನ್ನೊಂದಿದೆ. ಸೇತುವೆ ಇಳಿದ ಆ ಸಂಜೆ ಸತ್ಯಾ ತಂಗಿಯನ್ನು ಪ್ರಶ್ನೆ ಕೇಳುತ್ತಿದ್ದಳು. ನೀರು ಇಳಿಯೋಕೆ ಮುಂಚೆ ಮುಗೀದೇ ಓಗಿದ್ರೆ? ಗಾಳಿ ಎದ್ದಿದ್ರೆ? ಒಂದು ಜಾಕಿ ಕೆಟ್ಟೋಗಿದ್ರೆ? ತಮಿಳ್‌ಸೆಲ್ವಿ ಮರಳಿನ ಮೇಲೆ ಗೆರೆ ಎಳೆದು ತೋರಿಸಿದಳು. ನನ್ನ ಮಗಳು ಒಂದು ಗೆರೆ ಅಳಿಸಿ ಬೇರೆ ಕಡೆ ಎಳೆದಳು. ‘ಸರಿ ಕಣಕ್ಕಾ, ನಾವು ಮೊದ್ಲು ಅಂಗೇ ಯೋಚನೆ ಮಾಡಿದ್ದು’ ಎಂದಳು ಇವಳು. ನಾನು ದೂರದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೆ.

ಸತ್ಯಾ, ಮೂರನೇ ಸಾಲಿನಲ್ಲಿ ಕೂತಿದ್ದೀಯ. ಮನೆಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಮೈಕು ಸಿಕ್ಕಿದ್ದರಿಂದ ಹೇಳುತ್ತಿದ್ದೇನೆ. ಅವತ್ತು ನಾನು ಮಾಡಿದ್ದು ತಪ್ಪಮ್ಮ.

ಅಧ್ಯಕ್ಷರೇ, ಈ ಶಾಲನ್ನು ನಾನು ಹೊದಿಸಬೇಕೆಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ. ನಾನು ಹೊದಿಸುವುದಿಲ್ಲ. ಸತ್ಯಾ ಹೊದಿಸಲಿ. ಬಾಮ್ಮ ಮೇಲಕ್ಕೆ... ಬರುವುದಿಲ್ಲ ಎಂದು ತಲೆಯಾಡಿಸುತ್ತಿದ್ದಾಳೆ. ಬಲವಂತವಿಲ್ಲ. ಇನ್ನು ನಾನು ಅವಳನ್ನು ಯಾವುದಕ್ಕೂ... ಅರೆ, ತಮಿಳ್‌ಸೆಲ್ವೀ, ಎಲ್ಲಿಗೆ? ಶಾಲು ತೆಗೆದುಕೊಂಡು ಕೆಳಗಿಳಿದೇ ಹೋದಳಲ್ಲ! ದಾರಿ ಬಿಡಿ, ದಯವಿಟ್ಟು ಅವಳಿಗೆ ದಾರಿ ಬಿಡಿ. ಶಾಲನ್ನು ಅಕ್ಕನ ಕೈಗಿಟ್ಟು, ಅವಳ ಮುಂದೆ ತಲೆ ಬಗ್ಗಿಸಿ ನಿಂತಿದ್ದಾಳೆ.

ಹೊದಿಸಿದಳು.

ಸಭಿಕರೇ, ಚಪ್ಪಾಳೆ ನಿಲ್ಲಿಸಬೇಡಿ. ಇನ್ನೂ ಎರಡು ಪುಟ ಉಳಿದಿದೆ, ಅದನ್ನು ಓದುವುದಿಲ್ಲ. ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ, ಈ ಇಬ್ಬರು ಹೆಣ್ಣುಮಕ್ಕಳಿಗೂ ಈ ಮುದುಕ ಶಿವಲಿಂಗಂ ಋಣಿ. ನಮಸ್ಕಾರ.