ನಾಲ್ಕು ಗಂಟೆಯ ಗಾಳಿ

...ಇಲ್ಲ ಪುಟ್ಟಿ, ಮತ್ತೆ ಮೊದಲಿಂದ ಹೇಳ್ತೀನಿ. ನಾಳೆ ವಿಚಾರಣೆಯವರ ಮುಂದೆ ನಿನ್ನಪ್ಪ ತಡವರಿಸಬಾರದಲ್ಲ. ನೀನು ಶಾಲೇಲಿ ಲೆಕ್ಕ ಹೇಳಿಕೊಡೋಳು, ತಪ್ಪಿದ್ರೆ ಹಿಡಿ. ತಗೋ ಆ ಪೆನ್ಸಿಲ್.

ಬಟ್ಟೆ ಗೋದಾಮಿಗೆ ಬೆಂಕಿ ಬಿದ್ದಾಗ ನಮ್ಮ ಅಗ್ನಿಶಾಮಕ ಗಾಡೀಲಿ ಎಂಟು ಗಾಳಿ ಸಿಲಿಂಡರ್ ಇತ್ತು. ಒಂದೊಂದು ಅರ್ಧ ಗಂಟೆ ಬರುತ್ತೆ. ಅಂದ್ರೆ ನಾಲ್ಕು ಗಂಟೆ. ಒಳಗೆ ಹೋದವರು ಇಬ್ಬರೇ. ಜೊತೆಯವನು ಕಾಲು ಉಳುಕಿ ಬೇಗ ಹೊರಗೆ ಬಂದ. ಉಳಿದವನು ನಿನ್ನ ಗಂಡ. ಹೊರಗೆ ನಿಂತು ಹುಕುಂ ಕೊಡೋನು ನಾನು. ಒಬ್ಬನಿಗೆ ನಾಲ್ಕು ಗಂಟೆ... ಗಾಳಿ ಸಾಲದೆ ಜೀವ ಹೋಯ್ತು ಅನ್ನೋಕೆ ಆಗಲ್ಲ. ಹಂಗೇ ಬರೆದುಕೊಟ್ಟಿದೀನಿ.

ಯಾಕೆ ಹಂಗೆ ನೋಡ್ತೀಯ? ಎಂಟು ಅರ್ಧ ನಾಲ್ಕು ಅಲ್ವಾ?

ಏನದು, ಒಂದು ಅಂತ ಬರೆದು ಸುತ್ತು ಹಾಕಿದೀಯ... ಹ್ಞೂಂ. ಬೆನ್ನ ಮೇಲೆ ಒಂದೇ. ಉಳಿದದ್ದು ಬೀದೀಲಿ, ಗಾಡೀಲಿ. ಗಾಡೀಲಿದ್ದ ಗಾಳಿ ಅವನ ಮೂಗಿಗೆ ಹೇಗೆ ಬರುತ್ತೆ. ಗೊತ್ತು, ಗೊತ್ತು. ಹೊರಗೆ ಬಂದು ಬದಲಾಯಿಸಿಕೊಂಡ್ರೆ ನಾಲ್ಕು ಗಂಟೆ, ಬರದಿದ್ರೆ ಅರ್ಧವೇ. ಅದಕ್ಕೇ ಹೇಳೋದು, ಅವನು ಬರಬೇಕಿತ್ತು. ಬರಲಿಲ್ಲ. ಕರೆಯೋಣ ಅಂದ್ರೆ ವೈರ್‌ಲೆಸ್ ಕೆಟ್ಟಿತ್ತು.

ಅಳಬೇಡ ಅನ್ನೋಣ ಅಂದ್ರೆ ನೀನು ಅಳ್ತಾನೂ ಇಲ್ಲ. ನನಗೂ ಬರ್ತಿಲ್ಲ ಕಣೆ. ಮೂರು ವಾರ ಆಯ್ತು. ಉಣ್ತೀನಿ, ಗಡ್ಡ ಬೋಳಿಸ್ಕೋತೀನಿ, ಠಾಣೆಗೆ ಹೋಗಿ ಕೂರ್ತೀನಿ. ಯಾರದೋ ಕೈಕಾಲು ಇದ್ದಂಗಿದೆ.

ಪೆನ್ಸಿಲ್ ಯಾಕೆ ಕೆಳಗಿಟ್ಟೆ? ಮುಂದಿನದು ಕೇಳಲ್ವಾ?

ಪುಟ್ಟಿ...

ಕೆಟ್ಟಿರಲಿಲ್ಲ ಕಣೆ, ವೈರ್‌ಲೆಸ್.

ಅವನ ಬೆನ್ನಿನ ಸೀಟಿ ವೈರ್‌ಲೆಸ್‌ನಲ್ಲೇ ಕೇಳಿಸ್ತಿತ್ತು. ಗಾಳಿ ಮುಗೀತಾ ಬಂದ್ರೆ ತಾನಾಗೇ ಹೊಡ್ಕೊಳ್ಳೋ ಸೀಟಿ. ಹೊರಗೆ ಬರ್ಲಾ ಅಂತ ಕೇಳಿದ. ಹಿಂದಿನ ಕೋಣೇಲಿ ಕಾವಲುಗಾರ ಸಿಕ್ಕಿಕೊಂಡಿದಾನೇನೋ ಅಂತ ನನಗೆ ಅನುಮಾನ. ಆ ಕಾವಲುಗಾರನೋ, ಆಗಲೇ ಜನರ ಮಧ್ಯೆ ನಿಂತು ಬೆಂಕಿ ನೋಡ್ತಿದ್ದನಂತೆ. ನನಗೇನು ಗೊತ್ತು. ಆ ಕೋಣೆ ಒಂದು ನೋಡ್ಬಿಡು, ಗಾಳಿಗೇನು, ನಾಲ್ಕು ಗಂಟೆ ಇದೆ ಅಂದೆ. ಈಗ ನಿನಗೆ ಹೇಳಿದ್ನಲ್ಲ, ಇದೇ ಲೆಕ್ಕ. ಅವನಿಗೂ ಹೇಳಿದೆ.

ಡ್ಯೂಟೀಲಿ ಯಾವತ್ತೂ ಸಾರ್ ಅಂತಿದ್ದವನು ಕಣೆ... ಅವತ್ತು, "ಆಯ್ತು ಮಾವ" ಅಂದ.